ದೋಣಿ ಸಿನಿಮಾದ ಉಳಿದರ್ಧ

೨ ಸೆಪ್ಟೆಂಬರ್ ೨೦೨೫, ನಾಶಿಕ

ನಿನ್ನೆ ಸಂಜೆ ಸಂಭಾಜಿನಗರದಿಂದ ಬಸ್ಸಿನಲ್ಲಿ ಬಂದೆವು. ಮೂರು ತಿಂಗಳ ಹಿಂದೆ ಅಮ್ಮನನ್ನು ಅಲ್ಲಿಯ ಆಸ್ಪತ್ರೆಗೆ ಸೇರಿಸಿದಾಗ ಅವಳಿಗೆ ಕೆಮ್ಮೂ ಇತ್ತು, ಕಿವಿಯೂ ಇತ್ತು. ಈಗ ಎರಡೂ ಇಲ್ಲ. ಮಾತ್ರೆಗೆ ಬಗ್ಗದ ಟಿಬಿ, ಸೂಜಿಯೊಂದೇ ದಾರಿ, ಸೂಜಿಯಿಂದ ಕಿವಿ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೋಯಿತು.

ಕಂಡಕ್ಟರ್ ಎರಡು ಸಲ ಕೂಗಿದ. ಅಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಟಿಕೆಟ್ ನನ್ನ ಹತ್ತಿರವೇ ಇತ್ತು, ತೋರಿಸಿದೆ.

ಜಯಕರ ಮಾವ ತಮ್ಮ ಹೋಟೆಲಿನ ಬಾಗಿಲಲ್ಲೇ ನಿಂತಿದ್ದರು. ಅಮ್ಮನನ್ನು ಹಿಂದಿನ ಕೋಣೆಗೆ ಕಳಿಸಿ ನನ್ನನ್ನು ಹಿಡಿದು ನಿಲ್ಲಿಸಿದರು. "ಹತ್ರವೇ ಇದ್ದವಳು ನೀನು. ಮೊದಲೇ ಎಂತದೂ ಗೊತ್ತಾಗ್ಲಿಲ್ವಾ ನಿಂಗೆ?"

ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಈ ಪುಸ್ತಕಕ್ಕೆ ಇರುವ ನಿಯಮ ಒಂದೇ: ಸುಳ್ಳು ಬರೆಯಬಾರದು. ಬೇಡದ್ದನ್ನು ಬರೆಯದೆ ಬಿಡಬಹುದು. ಬಿಟ್ಟದ್ದು ಸುಳ್ಳಾಗುವುದಿಲ್ಲ.

ಡಿಸೆಂಬರ್ ಒಳಗೆ ಈ ಊರು ಬಿಡಬೇಕು. ಪುಣೆ, ಸೂರತ್, ಎಲ್ಲಾದರೂ ಸರಿ.

೫ ಸೆಪ್ಟೆಂಬರ್

ಅಮ್ಮ ಮಾತಾಡುತ್ತಿಲ್ಲ. ಗಂಟಲಿಗೆ ಏನೂ ಆಗಿಲ್ಲ. ಮೊದಲ ದಿನ "ನೀರು ಕೊಡು" ಎಂದಳು. ಅಡುಗೆಮನೆಯಿಂದ ಇಬ್ಬರು ಓಡಿ ಬಂದರು, ಅಷ್ಟು ಜೋರು. ಅವರ ಮುಖ ನೋಡಿ ತಾನು ಕೂಗಿದ್ದು ಅವಳಿಗೆ ಗೊತ್ತಾಯಿತು. ಆಮೇಲೆ ಬಾಯಿ ತೆರೆದಿಲ್ಲ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಾಳೆ. ನಾನು ಆರ್ಡರ್ ಚೀಟಿಯ ಹಿಂದೆ ಬರೆದು ಕೊಟ್ಟರೆ ಓದಿ ತಲೆಯಾಡಿಸುತ್ತಾಳೆ, ಅಷ್ಟೇ.

ನನಗೆ ಕನ್ನಡ ಅಕ್ಷರ ಕಲಿಸಿದ್ದು ಇವಳೇ, ಇಂಥದೇ ಚೀಟಿಗಳ ಹಿಂದೆ. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಹೋಟೆಲಿಗೆ ಬಿಡುವು. ಸಪ್ಲೈಯರುಗಳು ಬೆಂಚಿನ ಮೇಲೆ ಮಲಗುತ್ತಾರೆ. ಅಮ್ಮ ಉಗ್ರಾಣದಲ್ಲಿ ಈರುಳ್ಳಿ ಚೀಲದ ಮೇಲೆ ಕುಳಿತು ನನ್ನ ಕೈ ಹಿಡಿದು ತಿದ್ದಿಸುತ್ತಿದ್ದಳು. ಹನ್ನೆರಡನೆಯ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ನನ್ನಲ್ಲಿ ಉಳಿದ ವಿದ್ಯೆ ಅದೊಂದೇ.

ನಾನು ದೊಡ್ಡವಳಾದ ಮೇಲೆ ಆ ಹೊತ್ತು ಸಿನಿಮಾಕ್ಕೆ ಹೋಯಿತು. ತರಕಾರಿ ಹೆಚ್ಚುವ ದಾನಮ್ಮನ ಫೋನನ್ನು ಎಣ್ಣೆ ಡಬ್ಬಕ್ಕೆ ಒರಗಿಸಿ ಇಬ್ಬರೂ ನೋಡುತ್ತಿದ್ದರು. ನೋಡುವುದೇನು, ಜಗಳವಾಡುತ್ತಿದ್ದರು. ಪರದೆಯ ಮೇಲಿನವರಿಗೆ ಅಮ್ಮ ಒಂದೊಂದು ಮಾತಿಗೂ ಉತ್ತರ ಕೊಡುತ್ತಿದ್ದಳು. ಸಿನಿಮಾಗಳ ಹೆಸರು ಇಬ್ಬರಿಗೂ ಬೇಕಿಲ್ಲ. ಬಳೆ ಸಿನಿಮಾ, ಎರಡು ಹೆಂಡತಿ ಸಿನಿಮಾ, ದೋಣಿ ಸಿನಿಮಾ.

ದೋಣಿ ಸಿನಿಮಾ ಅರ್ಧಕ್ಕೇ ನಿಂತಿತ್ತು. ಗಂಡ ಹೊಳೆಯಲ್ಲಿ ಮುಳುಗಿ ಹೋದ ಮೇಲೆ ಸೊಸೆ ದೋಣಿ ನಡೆಸುತ್ತಾಳೆ; ಅತ್ತೆ ಅವಳ ಹುಟ್ಟುಗೋಲನ್ನು ಅಡಗಿಸಿಡುವ ಮುದುಕಿ. ನೆರೆ ಬಂದ ದಿನ ಅದೇ ಮುದುಕಿ ದಡದಲ್ಲಿ ನಿಂತು ದೋಣಿಗಾಗಿ ಕೂಗುತ್ತಾಳೆ. ಅಲ್ಲಿಗೆ ಮೊಬೈಲ್ ಅಂಗಡಿಯ ದತ್ತು ಹಾಕಿಕೊಟ್ಟ ಮೆಮೊರಿ ಕಾರ್ಡ್ ಕೈಕೊಟ್ಟಿತು. ಮರುವಾರ ಅಮ್ಮ ರಕ್ತ ಕೆಮ್ಮಿದಳು.

ಆಸ್ಪತ್ರೆಯಲ್ಲಿ, ಕಿವಿ ಇದ್ದಾಗ, ಒಂದು ದಿನ ಕೇಳಿದ್ದಳು: "ಆ ಮುದುಕಿ ದೋಣಿ ಹತ್ತಿದ್ಳಾ ಇಲ್ವಾ, ನಿಂಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ನಾನು ಅವರ ಜೊತೆ ಯಾವತ್ತೂ ನೋಡಿದವಳಲ್ಲ. ಕದ್ದ ಸಿನಿಮಾ ಎಂದು ಬಾಗಿಲಲ್ಲಿ ನಿಂತು ಬೈಯುತ್ತಿದ್ದೆ. ದಾನಮ್ಮ ನಗುತ್ತಿದ್ದಳು. "ಪೊಲೀಸಮ್ಮ ಬಂದ್ಲರಿ, ರಾಜೀವಕ್ಕಾರ, ಫೋನ್ ಮುಚ್ಚರಿ!"

೧೧ ಸೆಪ್ಟೆಂಬರ್

ಅಮ್ಮ ಇವತ್ತೂ ಉಗ್ರಾಣಕ್ಕೆ ಬರಲಿಲ್ಲ. ಮಾವ ಅವಳನ್ನು ಅಡುಗೆಮನೆಗೆ ಬಿಡುತ್ತಿಲ್ಲ. ರೋಗ ಹರಡುವ ಹಂತ ದಾಟಿದೆ ಎಂದು ಡಾಕ್ಟರ ಚೀಟಿ ಇದೆ, ಆದರೂ ಗಿರಾಕಿಗಳಿಗೆ ನ್ಯುಮೋನಿಯಾ ಎಂದು ಹೇಳುತ್ತಾರೆ. ಕೋಣೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಾಳೆ. ಅನ್ನ ಅರ್ಧ ತಟ್ಟೆಯಲ್ಲೇ ಉಳಿಯುತ್ತದೆ.

ದೋಣಿ ಸಿನಿಮಾದ ಉಳಿದರ್ಧ ತೋರಿಸಿದರೆ ಬಾಯಿ ಬಿಟ್ಟಾಳು ಅನ್ನಿಸಿತು. ಕೇಳಿಸುವುದಿಲ್ಲ, ಆದ್ದರಿಂದ ಮಾತುಗಳು ಕೆಳಗೆ ಕನ್ನಡದಲ್ಲಿ ಬರಬೇಕು. ದತ್ತುವಿನ ಮೊಬೈಲ್ ಅಂಗಡಿಗೆ ಹೋದೆ.

"ದೋನ್ ಮಿನಿಟಾಚಂ ಕಾಮ್," ಎಂದ. ಎರಡು ನಿಮಿಷದ ಕೆಲಸ. ಫೈಲು ಇಳಿಸಿ, ಅಕ್ಷರದ ಫೈಲು ನಾನೇ ಬರೆದು ಸೇರಿಸಿದರೆ ಆಯಿತು.

"ಕದ್ದದ್ದಾ?"

"ಅಗಂ, ಇಡೀ ನಾಶಿಕ ಕದ್ದದ್ದನ್ನೇ ನೋಡೋದು. ನೀನು ಯಾರ ಮೇಲೆ ಕಂಪ್ಲೇಂಟ್ ಕೊಡ್ತೀ ಈಗ? ಬೋರ್ಡಿಗಾ?"

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಅವರಿಗೂ ಗೊತ್ತು. ಹನ್ನೆರಡನೆಯ ತರಗತಿಯ ಪರೀಕ್ಷೆಯ ದಿನ ಕೋಣೆಯ ತುಂಬ ನಕಲು ಚೀಟಿ ಓಡಾಡುತ್ತಿದ್ದವು. ತಪಾಸಣೆಯವರು ಬಂದು "ಏನಾದರೂ ನಡೆಯಿತಾ?" ಎಂದು ಕೇಳಿದಾಗ ಎಲ್ಲರೂ ಇಲ್ಲ ಎಂದರು. ನಾನು ಹೌದು ಎಂದೆ. ಇಡೀ ಕೇಂದ್ರದ ಫಲಿತಾಂಶ ತಡೆಹಿಡಿದರು. ರುಚಿತಾ ನನ್ನ ಒಬ್ಬಳೇ ಗೆಳತಿ, ಅವಳ ಕಾಲೇಜು ಸೀಟು ಹೋಯಿತು. ಅವಳು ಚೀಟಿ ಮುಟ್ಟಿರಲಿಲ್ಲ. ನಾನು ಮತ್ತೆ ಪರೀಕ್ಷೆಗೆ ಕೂರಲಿಲ್ಲ.

ದತ್ತುವಿಗೆ ಬೇಡ ಎಂದು, ಸಿನಿಮಾದ ಹೆಸರು ಮಾತ್ರ ಕೇಳಿಕೊಂಡು ಬಂದೆ. ದುಡ್ಡು ಕೊಟ್ಟು, ನ್ಯಾಯವಾಗಿ ತರುತ್ತೇನೆ. ಯಾವುದಾದರೂ ಒಂದನ್ನು ಸರಿಯಾಗಿ ಮಾಡಬೇಕು.

೧೯ ಸೆಪ್ಟೆಂಬರ್

ಎಂಟು ದಿನದ ಹುಡುಕಾಟ. ದೊಡ್ಡ ಆ್ಯಪ್‌ಗಳಲ್ಲಿ ಇಲ್ಲ. ಒಂದರಲ್ಲಿ ಪೋಸ್ಟರ್ ಇದೆ, ಒತ್ತಿದರೆ ಬೇರೆ ಸಿನಿಮಾ ತೋರಿಸಿ ಇದು ಇಷ್ಟವಾಗಬಹುದು ಎನ್ನುತ್ತದೆ. ಇನ್ನೊಂದರಲ್ಲಿ "ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ". ಡಿಸ್ಕ್ ಮಾರುವ ಅಂಗಡಿಯೊಂದು ಸಿಕ್ಕಿತು; ದಾಸ್ತಾನು ಮುಗಿದು ವರ್ಷಗಳಾಗಿವೆಯಂತೆ. ಕ್ಯಾಸೆಟ್ ಕಂಪನಿಯವರು ಹಾಡುಗಳನ್ನು ಮಾತ್ರ ಹಾಕಿದ್ದಾರೆ.

ಪೂರ್ತಿ ಸಿನಿಮಾ ಒಂದು ಕಡೆ ಪುಕ್ಕಟೆ ಇದೆ. ಯಾರೋ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿ ಹಾಕಿದ್ದಾರೆ, ಸಿಕ್ಕಿಬೀಳಬಾರದೆಂದು. ಎಲ್ಲರೂ ಎಡಗೈಯಲ್ಲಿ ಊಟ ಮಾಡುತ್ತಾರೆ. ಮುಚ್ಚಿದೆ.

ದಾನಮ್ಮ ಬೀನ್ಸ್ ಮುರಿಯುತ್ತಾ ನನ್ನನ್ನೇ ನೋಡಿದಳು. "ಏನ್ ಹುಡುಗೀವ್ವ ನೀ! ಸಿನಿಮಾಕ್ಕೂ ರಸೀದಿ ಬೇಕಂತಿ. ನಿಮ್ಮವ್ವ ಅಲ್ಲಿ ಒಂದ್ ತುತ್ತು ತಿನ್ನವಲ್ಲಳು, ನೀ ಇಲ್ಲಿ ಕಾಯ್ದೆ ಓದಾಕತ್ತಿ."

"ಕದ್ದದ್ದನ್ನು ಅವಳಿಗೆ ಕೊಡುವುದಿಲ್ಲ."

"ಮೊದಲೆಲ್ಲಾ ಕದ್ದದ್ದೇ ನೋಡೀವಿ, ಏನಾತು? ಕಣ್ಣು ಹ್ವಾದುವೇನು?" ಎಂದವಳು ತಟ್ಟನೆ ಬೀನ್ಸಿನ ಕಡೆ ಬಾಗಿದಳು.

೨೯ ಸೆಪ್ಟೆಂಬರ್

ಸಿಕ್ಕಿತು. ಸಣ್ಣದೊಂದು ಕನ್ನಡ ಆ್ಯಪ್. "ಬಾಡಿಗೆ", "ಖರೀದಿ" ಎಂದು ಎರಡು ಗುಂಡಿಗಳು. ಬಾಡಿಗೆ ನಲವತ್ತೆಂಟು ಗಂಟೆಗೆ ಮುಗಿಯುತ್ತದೆ. ಖರೀದಿ ಒತ್ತಿದೆ. "ಈ ಚಿತ್ರ ಈಗ ನಿಮ್ಮದು" ಎಂದು ಬಂತು. ಎರಡು ಸಲ ಓದಿದೆ. ಬಹಳ ದಿನಗಳ ಮೇಲೆ ಹಸಿವಾಯಿತು.

ರಾತ್ರಿ ಇಳಿಸಿಕೊಂಡೆ. ಫೈಲು ಎಲ್ಲೂ ಕಾಣಲಿಲ್ಲ. ಅದು ಆ್ಯಪ್‌ನ ಹೊಟ್ಟೆಯೊಳಗೇ ಇರುತ್ತದೆ, ಹೊರಗೆ ತೆಗೆಯುವಂತಿಲ್ಲ, ಏನನ್ನೂ ಸೇರಿಸುವಂತಿಲ್ಲ. ಕೆಳಗೆ ಬರುವ ಅಕ್ಷರ ಇಂಗ್ಲಿಷಿನಲ್ಲಿ ಮಾತ್ರ. ಕಿವಿ ಕೇಳದವರಿಗೆ ಕನ್ನಡದಲ್ಲಿ ಬೇಕು ಎಂದು ಸಹಾಯ ಕೇಂದ್ರಕ್ಕೆ ಬರೆದೆ. "ನಿಮ್ಮ ಸಲಹೆಯನ್ನು ಸಂಬಂಧಪಟ್ಟ ತಂಡಕ್ಕೆ ಕಳಿಸಲಾಗಿದೆ" ಎಂದು ಒಂದು ನಿಮಿಷದಲ್ಲಿ ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ.

ದತ್ತುವಿನ ಕದ್ದ ಫೈಲಿಗೆ ಏನು ಬೇಕಾದರೂ ಸೇರಿಸಬಹುದು. ನಾನು ಕೊಂಡದ್ದಕ್ಕೆ ಒಂದು ಅಕ್ಷರ ಸೇರಿಸಲಾರೆ.

೮ ಅಕ್ಟೋಬರ್

ಕಿವಿಯ ಪರೀಕ್ಷೆಗೆ ಸಂಭಾಜಿನಗರಕ್ಕೆ ಹೋಗಿ ಬಂದೆವು. ಸ್ವಲ್ಪವಾದರೂ ಉಳಿದಿದ್ದರೆ ಯಂತ್ರ ಹಾಕಬಹುದಂತೆ.

ಗಾಜಿನ ಪೆಟ್ಟಿಗೆಯಂಥ ಕೋಣೆ. ಅಮ್ಮ ಒಳಗೆ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಗುಂಡಿ. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು. ನಾನು ಹೊರಗೆ, ಪರೀಕ್ಷೆ ಮಾಡುವವನ ಹಿಂದೆ. ಅವನು ಶಬ್ದ ಕಳಿಸಿದಾಗ ಅವನ ಯಂತ್ರದಲ್ಲಿ ಸಣ್ಣ ಕೆಂಪು ದೀಪ ಹತ್ತುತ್ತಿತ್ತು.

ಅಮ್ಮ ಒತ್ತಿದಳು. ಮತ್ತೆ ಒತ್ತಿದಳು. ಅವನು "ಚಾಂಗಲಂ!" ಎಂದ. ಚೆನ್ನಾಗಿದೆ. ಆಗ ನೋಡಿದೆ. ಅಮ್ಮನ ಕಣ್ಣು ನನ್ನ ಮುಖದ ಮೇಲೆ ನೆಟ್ಟಿತ್ತು. ದೀಪ ಹತ್ತಿದಾಗಲೆಲ್ಲ ನನ್ನ ಕಣ್ಣು ಅತ್ತ ಹೋಗುತ್ತಿತ್ತು. ಅದನ್ನು ನೋಡಿ ಒತ್ತುತ್ತಿದ್ದಳು.

ನಾನು ಗೋಡೆಯ ಕಡೆ ತಿರುಗಿ ನಿಂತೆ.

ಅವನು ಶಬ್ದ ಕಳಿಸಿದ. ಒಳಗಿನಿಂದ ಏನೂ ಬರಲಿಲ್ಲ. ಹೆಚ್ಚಿಸಿದ. ಇಲ್ಲ. ಏನಾಯಿತು ಎಂದು ನನ್ನನ್ನು ಕೇಳಿದ. ಇದ್ದದ್ದನ್ನು ಹೇಳಿದೆ. ಎದ್ದು ಹೋಗಿ ಅಮ್ಮನ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಮೊದಲಿನಿಂದ ಮಾಡಿದ. ಕೊನೆಗೆ ಕಾಗದದ ಮೇಲೆ ಎರಡು ಗೆರೆ, ಎರಡೂ ತೀರ ತಳದಲ್ಲಿ. ಯಂತ್ರ ಹಾಕಿಯೂ ಉಪಯೋಗವಿಲ್ಲ ಎಂದ.

ಬಸ್ಸಿನಲ್ಲಿ ಅಮ್ಮ ನನ್ನ ಕಡೆ ನೋಡಲಿಲ್ಲ.

೯ ಅಕ್ಟೋಬರ್

ಬರೆದುಬಿಡುತ್ತೇನೆ.

ಜುಲೈಯಲ್ಲಿ ಅಮ್ಮ ನನಗೆ ಹೇಳಿದ್ದಳು. "ಕಿವಿಯೊಳಗೆ ಗುಂಯ್ ಅಂತ ಉಂಟು. ಡಾಕ್ಟರಿಗೆ ಹೇಳ್ಬೇಡ." ಪಕ್ಕದ ಹಾಸಿಗೆಯವಳು ಹೇಳಿದ್ದಕ್ಕೆ ಸೂಜಿ ನಿಲ್ಲಿಸಿ ಔಷಧಿಯನ್ನು ಮೊದಲಿನಿಂದ ಶುರು ಮಾಡಿದ್ದರು. ಅಮ್ಮನಿಗೆ ಬೇಗ ಮನೆಗೆ ಬರಬೇಕಿತ್ತು. ನನ್ನ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಆಣೆ ಹಾಕಿಸಿಕೊಂಡಳು.

ದಿನಾ ಬೆಳಿಗ್ಗೆ ಡಾಕ್ಟರು ಕೇಳುತ್ತಿದ್ದರು, "ಕಾನಾತ್ ಆವಾಜ್ ಯೇತೋ ಕಾ?" ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ: ಕಿವಿಯಲ್ಲಿ ಶಬ್ದ ಬರುತ್ತದಾ ಅಂತ ಕೇಳುತ್ತಿದ್ದಾರೆ. ಅಮ್ಮ ಇಲ್ಲ ಎನ್ನುತ್ತಿದ್ದಳು. ನಾನು "ನಾಹೀ ಮ್ಹಣತೆ" ಎನ್ನುತ್ತಿದ್ದೆ. ಇಲ್ಲ ಅನ್ನುತ್ತಾಳೆ. ಅವಳು ಹಾಗೆ ಅಂದದ್ದು ನಿಜ ತಾನೆ? ನಾನು ಸುಳ್ಳು ಹೇಳಲಿಲ್ಲ. ಅವಳ ಉತ್ತರವನ್ನು ಮರಾಠಿಗೆ ತಂದೆ.

ಹೀಗೆ ಹತ್ತೊಂಬತ್ತು ದಿನ ಬೆಳಿಗ್ಗೆ. ತಿಂಗಳಿಗೊಮ್ಮೆಯ ಕಿವಿ ಪರೀಕ್ಷೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

೨೧ ಅಕ್ಟೋಬರ್

ದೀಪಾವಳಿ. ಹೋಟೆಲಿನ ಮುಂದೆ ಹುಡುಗರು ದೊಡ್ಡ ಸರ ಹಚ್ಚಿದರು. ಎಲ್ಲರೂ ಕಿವಿ ಮುಚ್ಚಿಕೊಂಡರು. ಅಮ್ಮ ಮೆಟ್ಟಿಲ ಮೇಲೆ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದಳು.

೨೫ ಅಕ್ಟೋಬರ್

ಸಿನಿಮಾ ಮಾಡಿದವರನ್ನೇ ಕೇಳೋಣ ಎಂದು ಹುಡುಕಿ ಹುಡುಕಿ ನಿರ್ಮಾಪಕರ ಮಗನ ನಂಬರ್ ಸಿಕ್ಕಿತು. ತಂದೆ ತೀರಿಹೋಗಿದ್ದಾರೆ. ಎಲ್ಲ ವಿವರಿಸಿದೆ. ಕನ್ನಡ ಅಕ್ಷರ ಸೇರಿಸಲು ಒಂದು ಪ್ರತಿ ಬೇಕು, ಎಷ್ಟಾದರೂ ಕೊಡುತ್ತೇನೆ.

"ಪ್ರತಿ ನಮ್ಮ ಹತ್ರಾನೂ ಇಲ್ಲಮ್ಮ. ಹಕ್ಕು ಯಾರ್ಯಾರಿಗೋ ಮಾರಿಬಿಟ್ಟಿದ್ದಾರೆ ಅಪ್ಪ. ಎಲ್ಲಾದ್ರೂ ಇಂಟರ್‌ನೆಟ್ಟಲ್ಲಿ ಇಳಿಸ್ಕೊಳ್ಳಿ, ಯಾರು ಕೇಳ್ತಾರೆ?"

"ಹಾಗಂತ ಬರೆದು ಕೊಡ್ತೀರಾ?"

"ಏನು?"

"ಇಳಿಸ್ಕೊಳ್ಳಬಹುದು ಅಂತ. ನಿಮ್ಮ ಸಹಿ ಹಾಕಿ."

ಅವರು ಫೋನ್ ಇಟ್ಟರು. ದಾನಮ್ಮ ಎಲ್ಲಾ ಕೇಳಿಸಿಕೊಂಡಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಳ್ಳಗ ಲೈಸೆನ್ಸ್ ಕೇಳೋ ಮಂದಿ ನೋಡಿದ್ದಿಲ್ಲವ್ವ ನಾ!"

ನನಗೆ ನಗು ಬರಲಿಲ್ಲ.

೩ ನವೆಂಬರ್

ಆ್ಯಪ್‌ನಿಂದ ಸಂದೇಶ. "ಪರವಾನಗಿ ಮುಗಿಯುವುದರಿಂದ ಈ ಚಿತ್ರ ನವೆಂಬರ್ ೩೦ರ ನಂತರ ಲಭ್ಯವಿರುವುದಿಲ್ಲ. ನಿಮ್ಮ ಸಹಕಾರಕ್ಕೆ ಧನ್ಯವಾದ." ಖರೀದಿಸಿದವರಿಗೂ ಅಷ್ಟೇ. ಷರತ್ತುಗಳಲ್ಲಿ ಇದನ್ನು ಮೊದಲೇ ಬರೆದಿದ್ದರು. ನಾನೇ ಒಪ್ಪಿಗೆ ಕೊಟ್ಟಿದ್ದೆ. ಅವರೂ ಸುಳ್ಳು ಹೇಳಿಲ್ಲ.

ಅಮ್ಮನ ಕುಪ್ಪಸ ಭುಜದಿಂದ ಜಾರುತ್ತಿದೆ, ಅಷ್ಟು ಇಳಿದಿದ್ದಾಳೆ. ಅವಳನ್ನು ಊರಿಗೆ ಕಳಿಸುವ ಮಾತು ಶುರುವಾಗಿದೆ. "ಇಲ್ಲಿ ಕೂತು ಎಂತ ಮಾಡ್ತಾಳೆ ಅವಳು? ಮಾತೂ ಇಲ್ಲ ಕತೆಯೂ ಇಲ್ಲ," ಎಂದರು ಮಾವ.

ಬಿಲ್ಲಿಂಗ್ ಯಂತ್ರ ಬಂದ ಮೇಲೆ ಉಳಿದ ಹಳೆಯ ಆರ್ಡರ್ ಚೀಟಿ ಪುಸ್ತಕಗಳು ಉಗ್ರಾಣದ ಮೂಲೆಯಲ್ಲಿ ಒಂದು ಪೆಟ್ಟಿಗೆಯಷ್ಟಿವೆ. ಸಿನಿಮಾದ ಒಳಗೆ ಸೇರಿಸಲಾಗದಿದ್ದರೆ ಹೊರಗೆ ಸೇರಿಸುತ್ತೇನೆ.

೧೪ ನವೆಂಬರ್

ಒಂದು ಮಾತಿಗೆ ಒಂದು ಚೀಟಿ. ಕೇಳುವುದು, ನಿಲ್ಲಿಸುವುದು, ಬರೆಯುವುದು, ನಂಬರ್ ಹಾಕುವುದು. ಅಕ್ಷರ ದಪ್ಪ ಇರಬೇಕು. ಸಪ್ಲೈ ಮುಗಿಸಿ ಬಂದು ಕೂರುತ್ತೇನೆ. ಇವತ್ತಿಗೆ ೨೧೧. ಮುದುಕಿಗೆ ಬಾಯಿ ಬಹಳ.

೨೨ ನವೆಂಬರ್

೩೮೬. ಮುಗಿಯಿತು.

ಇನ್ನೊಂದು ಚೀಟಿ ಬರೆದೆ. ಅದು ಸಿನಿಮಾದ್ದಲ್ಲ. ನಂಬರ್ ಹಾಕಿಲ್ಲ.

೨೬ ನವೆಂಬರ್

ದಾನಮ್ಮ ಅಮ್ಮನನ್ನು ತೋಳು ಹಿಡಿದು ಎಳೆದುಕೊಂಡೇ ಬಂದಳು. "ಬರ್ರಿ ರಾಜೀವಕ್ಕಾರ, ನಿಮ್ಮ ಮಗಳು ಟಾಕೀಸ್ ತಗದಾಳ!" ಕೇಳುವುದಿಲ್ಲ ಎಂದು ಗೊತ್ತಿದ್ದೂ ಅವಳು ಅಮ್ಮನ ಜೊತೆ ಮಾತಾಡುವುದನ್ನು ನಿಲ್ಲಿಸಿಲ್ಲ.

ಫೋನನ್ನು ಎಣ್ಣೆ ಡಬ್ಬಕ್ಕೆ ಒರಗಿಸಿದೆ. ಪಕ್ಕದಲ್ಲಿ ಚೀಟಿಯ ಕಟ್ಟು. ನೆರೆಯ ಹೊಳೆ ಬಂತು, ದಡದ ಮೇಲೆ ಮುದುಕಿ. ಮೊದಲ ಚೀಟಿ ಎತ್ತಿ ಹಿಡಿದೆ. "ದೋಣಿ ತಾ ಇತ್ತ!" ಅಮ್ಮ ಚೀಟಿ ನೋಡಿದಳು, ಪರದೆ ನೋಡಿದಳು, ಮತ್ತೆ ಚೀಟಿ. ಕೆಲವು ಕಡೆ ನನ್ನ ಕೈ ಹಿಂದೆ ಬಿತ್ತು, ಅಲ್ಲಿ ಸಿನಿಮಾ ನಿಲ್ಲಿಸಿ ಕಾಯಿಸಿದೆ.

ಮುದುಕಿ ದೋಣಿ ಹತ್ತಿದಳು. ಹತ್ತಿದ ಮೇಲೆ ಅವಳು ಹೇಳುವುದು, ಚೀಟಿ ೧೯: "ಅಲ್ಲಾಡಿಸಬೇಡ. ನಾನು ಸಾಯಲಿಕ್ಕೆ ಬಂದದ್ದಲ್ಲ, ಆಚೆ ದಡದಿಂದ ಬಂಗುಡೆ ಮೀನು ತರಲಿಕ್ಕೆ ಬಂದದ್ದು."

"ಮುಳುಗಿಸು ಅವಳನ್ನ! ಮುಳುಗಿಸು ಹೇಳ್ತೇನೆ!"

ಅಮ್ಮನ ದನಿಗೆ ಉಗ್ರಾಣದ ಡಬ್ಬಗಳು ಅದುರಿದವು. ಬೆಂಚಿನ ಮೇಲೆ ಮಲಗಿದ್ದ ಸಪ್ಲೈಯರುಗಳು ಎದ್ದು ಓಡಿಬಂದರು. ಮಾವ ಗಲ್ಲಾದಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಅಮ್ಮ ಯಾರನ್ನೂ ನೋಡಲಿಲ್ಲ. ದಾನಮ್ಮ ಸೆರಗಿನಿಂದ ಕಣ್ಣೊರೆಸುತ್ತಾ "ಮುಳಗಸ್ರಿ, ಮುಳಗಸ್ರಿ" ಎನ್ನುತ್ತಿದ್ದಳು. ಅಲ್ಲಿಂದ ಕೊನೆಯವರೆಗೆ ಅಮ್ಮ ಬಾಯಿ ಮುಚ್ಚಲಿಲ್ಲ.

೩೮೬ ಮುಗಿಯಿತು. ನನ್ನ ಕೈ ಸೋತಿತ್ತು. ಉಳಿದ ಒಂದು ಚೀಟಿಯನ್ನು ಎತ್ತಿದೆ. ಅದರಲ್ಲಿ ಹೀಗೆ ಬರೆದಿದ್ದೆ:

"ಗುಂಯ್ ಅಂದದ್ದನ್ನು ನಾನು ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮಾವ ಕೇಳಿದಾಗ ನನಗೇನೂ ಗೊತ್ತಿರಲಿಲ್ಲ ಎಂದೆ. ಅದು ಸುಳ್ಳು."

ಅಮ್ಮ ಓದಿದಳು. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಓದಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು. ಗುಟ್ಟಾಗಿ ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು.

"ಹೇಳ್ಬೇಕಿತ್ತು ಮಗಾ. ನಂಗೆ ಹೆದರಿಕೆ ಆಗಿತ್ತು. ನಾನು ಆಣೆ ಹಾಕಿಸಿದ್ದು ತಪ್ಪು, ಆದ್ರೂ ನೀನು ಡಾಕ್ಟರಿಗೆ ಹೇಳ್ಬೇಕಿತ್ತು."

ಬೀದಿಯವರೆಗೆ ಕೇಳಿರಬೇಕು. ನನ್ನ ಕಿವಿ ಕಿವುಡಾದಂತೆ ಆಯಿತು. ತಿರುಗಿ ನೋಡಿದೆ. ಸಪ್ಲೈಯರುಗಳು ನೆಲ ನೋಡುತ್ತಿದ್ದರು. ಮಾವ ನನ್ನನ್ನೇ ನೋಡುತ್ತಿದ್ದರು. ಗೋಡೆ ಗಡಿಯಾರ ನೋಡಿ, ನಾಲ್ಕೂವರೆ ಆಯ್ತು, ಒಲೆ ಹಚ್ಚಿ ಎಂದು ಬೇರೆ ಯಾರಿಗೋ ಹೇಳಿ ಹೋದರು.

ಅಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಕಟ್ಟಿನ ಕಡೆ ಕೈ ಮಾಡಿದಳು.

"ಮೊದಲರ್ಧದ್ದೂ ಬರಿ. ಆ ಮುದುಕಿ ಮೊದಲು ಎಂತೆಂತ ಹೇಳಿದ್ದು, ಎಲ್ಲ ಮರೆತುಹೋಗಿದೆ ನಂಗೆ."

೩೦ ನವೆಂಬರ್

ನಾಲ್ಕು ದಿನ, ೪೦೨ ಚೀಟಿ. ಕೊನೆಯದನ್ನು ರಾತ್ರಿ ಹನ್ನೊಂದೂವರೆಗೆ ಬರೆದೆ.

೪ ಡಿಸೆಂಬರ್

ಸಿನಿಮಾ ಹೋಯಿತು. ಒತ್ತಿದರೆ ಬೂದು ಬಣ್ಣದ ಚೌಕ.

ಮಾವ ನನ್ನ ಜೊತೆ ಮಾತಾಡುವುದಿಲ್ಲ. ಏನಾದರೂ ಹೇಳಬೇಕಿದ್ದರೆ ದಾನಮ್ಮನ ಕೈಯಲ್ಲಿ ಹೇಳಿಸುತ್ತಾರೆ. ಊರಿಗೆ ಕಳಿಸುವ ಮಾತು ಮತ್ತೆ ಎತ್ತಿಲ್ಲ. ಸಂಭಾಜಿನಗರದ ಡಾಕ್ಟರಿಗೆ ಪತ್ರ ಬರೆದು ಹಾಕಿದೆ, ಆ ಹತ್ತೊಂಬತ್ತು ದಿನಗಳ ಬಗ್ಗೆ. ಮುಂದೆ ಇನ್ನೊಬ್ಬ ರೋಗಿಯ ಮಗಳನ್ನು ಅವರು ಬೇರೆ ರೀತಿಯಲ್ಲಿ ಕೇಳಬಹುದು. ಉತ್ತರ ಬಂದಿಲ್ಲ.

ಮೂರು ಗಂಟೆಗೆ ಉಗ್ರಾಣದಲ್ಲಿ ಅಮ್ಮ ಚೀಟಿಗಳನ್ನು ಮಡಿಲಲ್ಲಿ ಹಾಕಿಕೊಂಡು ಓದುತ್ತಾಳೆ. ದಾನಮ್ಮನಿಗೆ ಅಕ್ಷರ ಬರುವುದಿಲ್ಲ, ಕೇಳುತ್ತಾ ಅವರೆ ಸುಲಿಯುತ್ತಾಳೆ. ಅಮ್ಮ ಮುದುಕಿಯ ಮಾತನ್ನು ಮುದುಕಿಯ ಹಾಗೆ, ಸೊಸೆಯದನ್ನು ಸೊಸೆಯ ಹಾಗೆ, ನಡುವೆ ತನ್ನದನ್ನೂ ಸೇರಿಸಿ ಓದುತ್ತಾಳೆ. ಅಷ್ಟು ಜೋರಾಗಿ ಓದಿದರೆ ಸಪ್ಲೈಯರುಗಳು ಮಲಗುವುದೆಲ್ಲಿಂದ? ಅವರೂ ಬಂದು ಬಾಗಿಲಲ್ಲಿ ಕೂರುತ್ತಾರೆ.

ಇನ್ನೊಬ್ಬರ ಸಿನಿಮಾದ ಮಾತುಗಳನ್ನು ಹೀಗೆ ಬರೆದಿಟ್ಟುಕೊಳ್ಳುವುದು ಕಳವೋ ಅಲ್ಲವೋ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ.

೧೪೩ನೆಯ ಚೀಟಿಗೆ ಸಾಂಬಾರ್ ಬಿದ್ದಿದೆ. ನಾಳೆ ಮತ್ತೆ ಬರೆಯಬೇಕು.